ನಾನು ಗಡಿ ಕಾವಲುಗಾರನಾದದ್ದು

ನೆಲಮಾಳಿಗೆಯ ಕಪಾಟಿನಲ್ಲಿ ನಿನ್ನೆ ಒಂದು ಬೂದು ಬಣ್ಣದ ಕೋಟು ಸಿಕ್ಕಿತು. ನುಸಿಗುಳಿಗೆಯ ವಾಸನೆಗೆ ಎರಡು ಸಲ ಸೀನಿದೆ. ಮೂರನೆಯ ಸೀನು ಬರುವ ಮೊದಲೇ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದೆ. ನೀವು ನನ್ನನ್ನು ನೋಡಿಲ್ಲವಾದ್ದರಿಂದ ಹೇಳಬೇಕು: ನಾನು ಐದಡಿ ನಾಲ್ಕಂಗುಲದ ಮನುಷ್ಯ, ಕೋಟು ಆರಡಿಯವನದು. ಅದನ್ನು ಹಾಕಿಕೊಂಡು ನಾನು ಒಂದು ಸಂಜೆ ಜರ್ಮನಿಯ ಬೊಬ್ಲಿಂಗೆನ್ ಎಂಬ ಊರಿನ ಶಾಲೆಯೊಂದರಲ್ಲಿ ಜನರನ್ನು ಹೆದರಿಸಬೇಕಿತ್ತು.

ಜರ್ಮನಿ ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ಬಂದವರಲ್ಲಿ ಧಾರವಾಡದ ನಾನೂ ಒಬ್ಬ. ಹೆಂಡತಿ ಸುನಂದಾ, ಒಂಬತ್ತು ವರ್ಷದ ಮಗಳು ಗೌರಿ ಜೊತೆಗಿದ್ದರು. ಶಾಲೆಗೆ ಸೇರಿ ಒಂದೂವರೆ ವರ್ಷವಾದರೂ ಗೌರಿ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ನನ್ನ ಜರ್ಮನ್ ತಿದ್ದುವುದಕ್ಕೆ ಮಾತ್ರ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಆ ವರ್ಷ ಅವಳ ಟೀಚರ್ ಶ್ರೀಮತಿ ಬ್ರೆನರ್ ಮಕ್ಕಳಿಂದ ಒಂದು ನಾಟಕ ಆಡಿಸಲು ಹೊರಟರು. ಯಹೂದಿಗಳನ್ನು ಹುಡುಕಿ ಹುಡುಕಿ ಹಿಡಿದೊಯ್ಯುತ್ತಿದ್ದ ಕಾಲದ ಕಥೆ. ರೂತ್ ಎಂಬ ಯಹೂದಿ ಹುಡುಗಿಯನ್ನು ಮೂವರು ಗೆಳೆಯರು ಅಟ್ಟದಲ್ಲಿ ಬಚ್ಚಿಟ್ಟು, ಕೊನೆಗೆ ತಮ್ಮ ತಂಗಿಯೆಂದು ಸುಳ್ಳು ಹೇಳಿ ಗಡಿ ದಾಟಿಸುತ್ತಾರೆ. ರೂತ್‌ಳ ಪಾತ್ರ ಗೌರಿಗೆ ಬಂತು. ಮಾತೇ ಆಡದ ಹುಡುಗಿಗೆ ಹನ್ನೊಂದು ಮಾತು.

ಗಡಿಯಲ್ಲಿ ನಿಲ್ಲುವ ಕಾವಲುಗಾರನಿಗೆ ದೊಡ್ಡವರೊಬ್ಬರು ಬೇಕಿತ್ತು. ಪಾಲಕರ ಸಭೆಯಲ್ಲಿ ಟೀಚರ್, "ತಂದೆಯರಲ್ಲಿ ಯಾರಾದರೂ?" ಎಂದು ಕೇಳಿದರು. ಎಲ್ಲ ತಂದೆಯರೂ ತಂತಮ್ಮ ಬೂಟುಗಳನ್ನು ನೋಡತೊಡಗಿದರು. ಅಂಥ ಕಾವಲುಗಾರನ ಕೋಟು ತೊಟ್ಟ ಅಜ್ಜಂದಿರ ನೆನಪು ಅವರವರ ಮನೆಯಲ್ಲೇ ಇದ್ದೀತು ಎಂದು ನನಗೆ ಆಗ ಹೊಳೆಯಲಿಲ್ಲ. ನಮ್ಮ ಕಡೆ ಸಭೆ ಹೀಗೆ ಮೌನವಾದರೆ ಯಾರಾದರೂ ಚಹಾ ತರಿಸುತ್ತಾರೆ. ಇಲ್ಲಿ ಆ ಅನುಕೂಲವಿರಲಿಲ್ಲ. ತಡೆಯಲಾರದೆ ಕೈ ಎತ್ತಿದೆ.

ಕೆಲಸ ಹೆಚ್ಚೇನಿಲ್ಲ. "ಕಾಗದಪತ್ರ!" ಎಂದು ಗದರಬೇಕು. ರೂತ್‌ಳ ಚೀಲ ಕಸಿದು ನೆಲಕ್ಕೆ ಸುರಿಯಬೇಕು. ಬಿದ್ದ ಪುಸ್ತಕವನ್ನು ಬೂಟಿನಿಂದ ಒದೆಯಬೇಕು. ಅವಳು ಅಳದೆ ನಿಂತರೆ "ಹೋಗಿ!" ಎಂದು ಅರಚಿ ಬಿಟ್ಟುಬಿಡಬೇಕು.

ಅಡುಗೆಮನೆಯಲ್ಲಿ ಗೌರಿ ನನಗೆ ತಾಲೀಮು ಕೊಡಲು ಶುರು ಮಾಡಿದಳು.

"ಗಡಿ ಕಾಯಾಂವ ಪ್ಲೀಸ್ ಅಂತಾನೇನು ಅಪ್ಪಾ? ನೈನ್, ಹಂಗಲ್ಲ! ಮತ್ತೊಮ್ಮೆ."

"ಬಾಯಿಗೆ ರೂಢಿ ಆಗೇದವ್ವಾ, ತಾನಾಗೇ ಬರ್ತದ."

ಚಪಾತಿ ಲಟ್ಟಿಸುತ್ತಿದ್ದ ಸುನಂದಾ ತಿರುಗಿಯೂ ನೋಡದೆ, "ವೀಸಾ ಆಫೀಸಿನ್ಯಾಗ ಫೈಲ್ ಹಿಡಕೊಂಡು ನಿಂತಂಗ ನಿಂತೀರಲ್ರೀ. ನೀವು ಕಾಗದ ಕೇಳಾವ್ರೋ, ತೋರಸಾವ್ರೋ?" ಎಂದಳು.

ಗೌರಿ ನಗಲಿಲ್ಲ. "ಮಂದಿ ನಿನಗ ಅಂಜಬೇಕು ಅಪ್ಪಾ. ಅವರು ನಕ್ಕರಂದ್ರ ಮುಗೀತು, ನಾ ಮತ್ತ ಸಾಲ್ಯಾಗ ಬಾಯಿ ತೆಗೆಯಂಗಿಲ್ಲ."

ಆಮೇಲೆ ನಾನು ನಿಷ್ಠೆಯಿಂದ ಕಲಿತೆ. ಎರಡು ವಾರದಲ್ಲಿ ನನ್ನ ಗದರಿಕೆಗೆ ಕೆಳಗಿನ ಮನೆಯವರು ಮೇಲೆ ಬಂದು ದೂರು ಹೇಳುವಷ್ಟಾಯಿತು. ಬೇಕರಿಯಲ್ಲೂ ಒಂದು ಸಲ ಪ್ಲೀಸ್ ಎನ್ನದೆ ಬ್ರೆಡ್ಡು ಕೇಳಿ ನೋಡಿದೆ. ಬೇಗ ಕೊಟ್ಟರು. ಶಾಲೆಯ ತಾಲೀಮಿನಲ್ಲಿ ಪುಸ್ತಕದ ಬದಲು ಖಾಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ನಾನು ಒದ್ದರೆ ಗೋಡೆಯವರೆಗೆ ಹೋಗುತ್ತಿತ್ತು.

ನಾಟಕದ ದಿನ ಚೀಲದಲ್ಲಿ ನಿಜವಾದ ಪುಸ್ತಕವಿತ್ತು. ರಟ್ಟು ಸವೆದ ಹಳೆಯ ಪಠ್ಯಪುಸ್ತಕ, ಟೀಚರು ತಮ್ಮ ತಾಯಿಯ ಮನೆಯಿಂದ ತಂದದ್ದು.

ಮೊದಲಿಗೆ ಎಲ್ಲ ಸರಿಯಾಯಿತು. ನಾನು ಗದರಿದಾಗ ಮುಂದಿನ ಸಾಲಿನ ಮಗುವೊಂದು ತಾಯಿಯ ತೊಡೆ ಏರಿತು. ಒಳಗೇ ಹಿಗ್ಗಿದೆ. ಗೌರಿಯ ಕೈಯಿಂದ ಚೀಲ ಕಸಿದೆ, ಸುರಿದೆ, ಒದ್ದೆ. ಬೂಟಿನ ತುದಿ ಪುಸ್ತಕಕ್ಕೆ ತಾಗಿತು. ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು ಎನ್ನಬೇಕು. ಬಗ್ಗಿ, ಪುಸ್ತಕವನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು, ಅದನ್ನು ಎರಡೂ ಕೈಯಲ್ಲಿ ಎತ್ತಿದೆ. ಬಗ್ಗಿದ ರಭಸಕ್ಕೆ ಟೊಪ್ಪಿಗೆ ಬಿತ್ತು. ಹಿಂದೆಲ್ಲೋ ಯಾರೋ ಕಿಸಕ್ಕೆಂದರು.

ಮಗಳ ಹನ್ನೊಂದು ಮಾತು ನನ್ನಿಂದಲೇ ಹಾಳಾಯಿತು ಎಂದುಕೊಂಡೆ.

ಗೌರಿ ಮುಂದೆ ಬಂದಳು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ತಾನೂ ಕಣ್ಣಿಗೊತ್ತಿ, ಚೀಲದೊಳಗಿಟ್ಟಳು. ಆಮೇಲೆ ಕೊನೆಯ ಸಾಲಿಗೂ ಕೇಳುವಂತೆ ಜರ್ಮನ್‌ನಲ್ಲಿ, "ನಾವಿನ್ನು ಹೋಗಬಹುದೇ?" ಎಂದಳು. ಅರಚಬೇಕಿದ್ದ ನನ್ನ ಗಂಟಲಿನಿಂದ ಸಣ್ಣದೊಂದು "ಹೋಗಿ" ಹೊರಟಿತು. ಯಾರೂ ನಗಲಿಲ್ಲ.

ನಾಟಕ ಮುಗಿದ ಮೇಲೆ ಟೀಚರ ತಾಯಿ ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಎಂಬತ್ತರ ಆಸುಪಾಸಿನ ಹೆಂಗಸು. "ನೀವು ಬಗ್ಗಿದ್ದು ನಾಟಕದಲ್ಲಿ ಬರೆದಿತ್ತೇ?" ಎಂದು ಕೇಳಿದರು. ಇಲ್ಲ, ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಹೀಗೆ ಕ್ಷಮೆ ಕೇಳುತ್ತೇವೆ, ತಪ್ಪಾಯಿತು ಎಂದೆ. ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದರು:

"ನಮ್ಮ ಬೀದಿಯಲ್ಲಿ ಇಂಥ ಮೂವರು ಮಕ್ಕಳು ಇರಲಿಲ್ಲ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಯಹೂದಿ ಹುಡುಗಿಯ ಚೀಲವನ್ನು ಹೀಗೇ ಸುರಿದರು. ನಾನು ಪುಸ್ತಕಗಳನ್ನು ತುಳಿಯದಂತೆ ಜಾಗ್ರತೆಯಾಗಿ ದಾಟಿಕೊಂಡು ಶಾಲೆಗೆ ಹೋದೆ."

ನಾನು ಅವರಿಗೆ ಒಂದು ಕುರ್ಚಿ ಎಳೆದು ಕೊಟ್ಟೆ.

ಗೌರಿ ಆಮೇಲೆ ತರಗತಿಯಲ್ಲಿ ಮಾತಾಡಿದಳು. ಎಷ್ಟು ಮಾತಾಡಿದಳೆಂದರೆ ಬೇಸಿಗೆಯ ಹೊತ್ತಿಗೆ ಟೀಚರಿಂದ ಚೀಟಿ ಬಂತು. ನಾನೂ ಯಾರ ಮನೆಗೆ ಊಟಕ್ಕೆ ಹೋದರೂ ಈ ಕಥೆ ಹೇಳುತ್ತಿದ್ದೆ. ಟೊಪ್ಪಿಗೆ ಬಿದ್ದಲ್ಲಿ ಜನ ನಗುತ್ತಿದ್ದರು, ಪುಸ್ತಕ ಎತ್ತಿದಲ್ಲಿ ತಲೆದೂಗುತ್ತಿದ್ದರು. ಮುದುಕಿಯ ಮಾತನ್ನು ಮಾತ್ರ ಊಟದ ಮನೆಗಳಲ್ಲಿ ಹೇಳಲಿಲ್ಲ. ಗೌರಿಗೂ ಹೇಳಿರಲಿಲ್ಲ.

ನಿನ್ನೆ ಫೋನಿನಲ್ಲಿ ಹೇಳಿದೆ. ಗೌರಿ ಈಗ ಯೇನಾ ಎಂಬ ಇನ್ನೊಂದು ಊರಿನಲ್ಲಿದ್ದಾಳೆ. ಪೂರ್ತಿ ಕೇಳಿಸಿಕೊಂಡು, "ಅಪ್ಪಾ, ಅವತ್ತು ನೀ ಚೀಲಾ ಕಸಿದಾಗ ನನ್ನ ಬೆರಳು ಅದರ ಪಟ್ಟ್ಯಾಗ ಸಿಕ್ಕೊಂಡಿತ್ತು. ನಿನಗ ಗೊತ್ತಾತೇನು?" ಎಂದಳು.

"ಇಲ್ಲವ್ವಾ."

"ಇರ್ಲಿ ಬಿಡು. ನಾಟಕ ಅಲ್ಲಾ?" ಎಂದು ನಕ್ಕಳು.

ಇನ್ನು ಮೇಲೆ ಈ ಕಥೆ ಹೇಳುವಾಗ ಇಷ್ಟನ್ನು ಸೇರಿಸಬೇಕು. ಪುಸ್ತಕಕ್ಕೆ ಬೂಟು ತಾಗಿದಾಗ ನನ್ನ ಕೈ ತಾನಾಗಿ ಕೆಳಗೆ ಹೋಯಿತು. ಅದಕ್ಕೆ ಸ್ವಲ್ಪ ಮೊದಲು, ಒಂಬತ್ತು ವರ್ಷದ ಹುಡುಗಿಯ ಕೈಯಿಂದ ಚೀಲ ಕಸಿದಾಗ, ಅದೇ ಕೈಗೆ ಏನೂ ಅನ್ನಿಸಿರಲಿಲ್ಲ.