ಬಾಗಿಲು ಕಾಯುವವಳ ತಲೆಯ ಮೇಲೆ ಕೂತ ಗೂಬೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಸಮವಸ್ತ್ರದ ಹೆಂಗಸೊಬ್ಬಳು ನಿಂತಿದ್ದಾಳೆ. ಬೀಗದ ಮೇಲೆ ಕಣ್ಣು ನೆಟ್ಟು, ಇಲ್ಲ ಇಲ್ಲ ಎನ್ನುವಂತೆ ತಲೆಯಾಡಿಸುತ್ತಿದ್ದಾಳೆ. ಬೀದಿಯಲ್ಲಿ ಬೇರೆ ಯಾರೂ ಇಲ್ಲ. ಇಲ್ಲ ಎನ್ನುತ್ತಿರುವುದು ಯಾರಿಗೆ? ಕಂಡವರಿಗೆ ಅನುಮಾನ ಬಾರದೆ ಇರುತ್ತದೆಯೇ?

ಅಂಗಡಿಯ ಯಜಮಾನರಿಗೂ ಬಂದಿದೆ. ಈಚೆಗೆ ಎರಡು ಶಾಲು ಕಾಣೆಯಾಗಿವೆ. ಬಾಗಿಲು ಕಾಯುವ ಈಕೆಯೇ ಕಳ್ಳರಿಗೆ ತಲೆಯಲ್ಲಿ ಸನ್ನೆ ಮಾಡುತ್ತಾಳೆಂಬ ಗುಸುಗುಸು ಹುಟ್ಟಿದೆ. ಕರೆದರೆ ಮೈಯನ್ನೆಲ್ಲ ನಿಧಾನಕ್ಕೆ ತಿರುಗಿಸಿ ನೋಡುತ್ತಾಳೆಂದು ಮಾರಾಟದ ಹುಡುಗಿಯರು ಮೊದಲೇ ಗೂಬೆಯಕ್ಕ ಎಂದು ಹೆಸರಿಟ್ಟಿದ್ದರು. ಶಾಲು ಹೋದ ಮೇಲೆ ಆ ಗೂಬೆಯನ್ನು ಅವಳ ತಲೆಯ ಮೇಲೇ ಕೂರಿಸಿದರು.

ಸಂಗತಿ ಬೇರೆಯೇ ಇದೆ. ಹೋದ ವರ್ಷ ಕಾಯಿಲೆ ಬಂದು ಅವಳ ಎರಡೂ ಕಿವಿಗಳ ಒಳಭಾಗ ಕೆಟ್ಟಿತು. ನಾವು ತಲೆ ಹೊರಳಿಸಿದ ಸುದ್ದಿ ಅಲ್ಲಿಂದಲೇ ಮಿದುಳಿಗೆ ಹೋಗಬೇಕು. ತಲೆ ಬಲಕ್ಕೆ ಹೋದಷ್ಟು ಕಣ್ಣನ್ನು ಎಡಕ್ಕೆ ಸರಿಸಿ, ನೋಟ ಅಲುಗದಂತೆ ಮಿದುಳು ಹಿಡಿದುಕೊಳ್ಳುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಇವಳಿಗೆ ಆ ಸುದ್ದಿ ತಲುಪುತ್ತಿಲ್ಲ. ಅಂಗಡಿಯ ಎದುರು ಮನೆಯಲ್ಲಿರುವ ನನಗೆ ಇದನ್ನು ಅವಳೇ ಹೇಳಿದಳು.

"ತಲೆ ಹೊರಳಿಸಿದ್ರೆ ಬೀದಿನೇ ಕುಲುಕುತ್ತೆ, ಅಮ್ಮ. ಬಂದೋರ ಮುಖ ಕಲಸಿಹೋಗುತ್ತೆ. ತಲೆ ಸುತ್ತುತ್ತೆ ಅಂದ್ರೆ ಕುಡಿದಿದಾಳೆ ಅಂತಾರೆ."

ಒಂದು ಗುರುತಿನ ಮೇಲೆ ಕಣ್ಣಿಟ್ಟು ತಲೆಯಾಡಿಸುವುದು ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮ. ಮಾಡುತ್ತ ಮಾಡುತ್ತ ಮಿದುಳು ಬೇರೆ ದಾರಿ ಹುಡುಕಿಕೊಳ್ಳುತ್ತದಂತೆ. ಅದನ್ನು ಮನೆಯಲ್ಲೇ ಮಾಡಬಾರದೇ ಎಂದು ಕೇಳಿದೆ. ನನಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

"ಮನೇಲಿ ಅತ್ತೆ ಇದಾರಲ್ಲ. ತಾವು ಏನು ಹೇಳಿದ್ರೂ ನಾನು ಇಲ್ಲ ಅಂತೀನಿ ಅಂದ್ಕೊಂಡು ಮಾತೇ ಬಿಟ್ರು."

ಕಾಯಿಲೆಯ ವಿಷಯವನ್ನು ಅವಳು ಯಜಮಾನರಿಗೆ ಹೇಳಿರಲಿಲ್ಲ. ಕಣ್ಣು ನಿಲ್ಲದವಳನ್ನು ಕಾವಲಿಗೆ ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಕಳ್ಳಿ ಎನಿಸಿಕೊಳ್ಳುವುದಕ್ಕಿಂತ ಕೆಲಸ ಹೋಗುವುದೇ ಮೇಲೆನಿಸಿ ಕಳೆದ ವಾರ ಹೇಳಿಬಿಟ್ಟಳು. ಅವರು ನಂಬಿದ್ದಾರೋ ಇಲ್ಲವೋ ತಿಳಿಯದು. ಈ ತಿಂಗಳು ಕಳೆಯಲಿ, ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ ಎಂದಿದ್ದಾರೆ. ಶಾಲು ಇನ್ನೂ ಸಿಕ್ಕಿಲ್ಲ.

ಅಂಗಡಿ ತೆರೆಯುತ್ತದೆ. ಗಲ್ಲಾದಲ್ಲಿ ಕೂತ ಯಜಮಾನರ ತಲೆ ಪತ್ರಿಕೆಯತ್ತ ಬಾಗಿದೆ, ಕಣ್ಣು ಮಾತ್ರ ಓರೆಯಾಗಿ ಬಾಗಿಲಿನತ್ತ ಬರುತ್ತದೆ. ಅದು ಅವಳಿಗೂ ಗೊತ್ತು. ತಲೆ ಅಲ್ಲಾಡಿಸದೆ ಕಣ್ಣನ್ನಷ್ಟೇ ಹೊರಳಿಸಿದರೆ ನಿನಗೂ ಸರಿಯಾಗಿ ಕಾಣುತ್ತದಲ್ಲ, ಹಾಗೇ ನೋಡಬಾರದೇ ಎಂದೆ.

ಅವಳು ಮೈಯನ್ನೆಲ್ಲ ನನ್ನತ್ತ ತಿರುಗಿಸಿ, ನೋಟ ನಿಲ್ಲುವವರೆಗೆ ಕಾದಳು.

"ಕಾಣುತ್ತೆ. ಆದ್ರೆ ಕಾಯೋಳು ಕದ್ದು ನೋಡ್ಬಾರ್ದು, ಅಮ್ಮ."