ಗುಬ್ಬಿಯಿಂದ ತಂದ ಫ್ಲೇರಿಂಗ್ ಟೂಲ್

ಇಪ್ಪತ್ತೆರಡು ವರ್ಷ ಎಸಿ, ಫ್ರಿಡ್ಜ್ ರಿಪೇರಿ ಮಾಡಿದ ಮೇಲೂ ನನ್ನದು ಅಂತ ಒಂದು ಸ್ಪ್ಯಾನರ್ ಇರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಶಿರಾ ಗೇಟ್ ಹತ್ತಿರ ನಾನು ದುಡಿಯುತ್ತಿದ್ದ ಅಂಗಡಿಯಲ್ಲಿ ಸಾಮಾನೆಲ್ಲ ಸಾಹುಕಾರರದು, ಕೈ ಮಾತ್ರ ನನ್ನದು. ಅವರು ಅಂಗಡಿ ಮುಚ್ಚಿ ಟೂಲ್‌ಗಳನ್ನೆಲ್ಲ ಅಳಿಯನಿಗೆ ಕೊಟ್ಟ ದಿನ ಬರಿಗೈಯಲ್ಲಿ ಮನೆಗೆ ಬಂದೆ. 

ಸತ್ಯಮಂಗಲದ ಕಾಂಟ್ರಾಕ್ಟರ್ ಒಬ್ಬ ಕುಣಿಗಲ್‌ನ ಹೊಸ ಲಾಡ್ಜ್ ಒಂದಕ್ಕೆ ಎಸಿ ಕೂರಿಸುವ ಕೆಲಸ ಹಿಡಿದಿದ್ದ. "ಕಾಪರ್ ಪೈಪ್ ಕೆಲ್ಸ ನಿಂಗೇ ಕೊಡ್ತೀನಿ. ಟೂಲ್ ಮಾತ್ರ ನಿಂದೇ ಇರ್ಬೇಕು. ಇದು ಸರಿಯಾಗ್ ಮಾಡುದ್ರೆ ಮುಂದಿಂದೆಲ್ಲ ನಿಂದೇ," ಅಂದ. ಅದೂ ತಪ್ಪಿದರೆ ಐವತ್ತರ ಹತ್ತಿರ ಬಂದ ನನಗೆ ಯಾವುದಾದರೂ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿ ಡ್ರೆಸ್ ಹಾಕಿಕೊಂಡು ನಿಲ್ಲುವುದೊಂದೇ ಉಳಿದ ದಾರಿ. ಒಳ್ಳೆಯ ಟೂಲ್ ಹೊಸದಾಗಿ ಕೊಳ್ಳುವ ಶಕ್ತಿ ಇಲ್ಲ. ಅಗ್ಗದವು ಪೈಪನ್ನು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಗುಬ್ಬಿಯಲ್ಲಿ ಕಣ್ಣು ಮಂಜಾಗಿ ಕೆಲಸ ಬಿಟ್ಟ ಹಳೆಯ ಮೆಕ್ಯಾನಿಕ್ ಒಬ್ಬರು ತಮ್ಮ ಸಾಮಾನು ಮಾರುತ್ತಾರೆ ಅಂತ ಗೊತ್ತಾಗಿ ಬಸ್ ಹತ್ತಿದೆ.

ಯಜಮಾನರು ಟ್ರಂಕ್ ತೆರೆದು ಒಂದೊಂದನ್ನೇ ತಡವಿ ತೆಗೆದರು. ಪೈಪ್ ಕಟರ್, ಬೆಂಡರ್ ಎರಡೂ ಚೆನ್ನಾಗಿದ್ದವು. ನನಗೆ ಮುಖ್ಯವಾಗಿ ಬೇಕಿದ್ದದ್ದು ಫ್ಲೇರಿಂಗ್ ಟೂಲ್. ಅದರ ಉಕ್ಕಿನ ಮೊನೆ ತಿರುಗುತ್ತಾ ಇಳಿದು ತಾಮ್ರದ ಪೈಪಿನ ಬಾಯಿಯನ್ನು ದತ್ತೂರದ ಹೂವಿನ ಹಾಗೆ ಅರಳಿಸುತ್ತದೆ. ಅರಳಿದ ಬಾಯಿ ನುಣ್ಣಗಿದ್ದರೆ ಮಾತ್ರ ಗ್ಯಾಸ್ ಒಳಗೆ ನಿಲ್ಲುತ್ತದೆ, ಕೂದಲಷ್ಟು ಗೀರಿದ್ದರೂ ಸೋರುತ್ತದೆ. ಆ ಮೊನೆಯ ಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ ಎಣ್ಣೆಯ ಜೊತೆ ಸೇರಿ ಒಂದು ಪದರವೇ ಕಟ್ಟಿತ್ತು. ಹಳೆ ಸಾಮಾನು ಕೊಳ್ಳುವವನಿಗೆ ಬುದ್ಧಿ ಇದ್ದರೆ ಮೊದಲು ಮೊನೆ ಒರೆಸಿ ನೋಡುತ್ತಾನೆ. ನನಗೆ ಹಿರಿಯರ ಎದುರಿಗೆ ಪೂಜೆಯ ಕುಂಕುಮ ಒರೆಸಲು ಕೈ ಬರಲಿಲ್ಲ. ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ದುಡ್ಡು ಎಣಿಸಿ ಕೊಟ್ಟು ಚೀಲಕ್ಕೆ ಹಾಕಿಕೊಂಡೆ.

ಕುಣಿಗಲ್‌ನಲ್ಲಿ ಕೆಲಸ ಶುರು ಮಾಡುವ ಮುಂಚೆ ಮನಸ್ಸಿನಲ್ಲೇ ಕೈ ಮುಗಿದು ಕುಂಕುಮ ಒರೆಸಿದೆ. ಕೆಳಗೆ ಕಪ್ಪಗಿತ್ತು. ಹಳೆಯದಲ್ಲವಾ, ಇರುತ್ತದೆ ಅಂದುಕೊಂಡೆ. ಎಂಟು ರೂಮುಗಳ ಪೈಪ್ ಮುಗಿಸಿದೆ. ಅಷ್ಟು ಖುಷಿಯಿಂದ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತೋ. ವಾರದೊಳಗೆ ಒಂದು ರೂಮೂ ತಣ್ಣಗಾಗುತ್ತಿಲ್ಲ ಅಂತ ಫೋನ್ ಬಂತು. ಹೋಗಿ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಎಲ್ಲ ಕಡೆ ಗುಳ್ಳೆ. ಕಾಂಟ್ರಾಕ್ಟರ್ ಬೈಯಲೂ ಇಲ್ಲ. "ಇಷ್ಟು ವರ್ಷ ಏನ್ ಕತ್ತೆ ಕಾಯ್ತಿದ್ಯಾ," ಅಂತ ಮೆಲ್ಲಗೆ ಕೇಳಿ, ಮಾರನೇ ದಿನವೇ ಬೇರೆಯವನನ್ನು ಕರೆಸಿದ.

ಮನೆಗೆ ಬಂದು ಮೊನೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಮೈತುಂಬ ಸೂಜಿ ಚುಚ್ಚಿದಂಥ ಗುಂಡಿಗಳು. ಅವೇ ಪ್ರತಿ ಪೈಪಿನ ಬಾಯಿಗೂ ಗೀರು ಎಳೆದಿದ್ದವು. ನನ್ನ ಮೇಲೆ ಬರಬೇಕಾದ ಸಿಟ್ಟೆಲ್ಲ ಆ ಮುದುಕರ ಮೇಲೆ ಬಂತು. ಕಣ್ಣು ಕಾಣದವನ ಹಾಗೆ ಕೂತು ನನಗೆ ಟೋಪಿ ಹಾಕಿದರು, ಟೂಲನ್ನು ಅವರಿಗೇ ವಾಪಸ್ ಕೊಟ್ಟು ಬರಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಮತ್ತೆ ಗುಬ್ಬಿಗೆ ಹೋದೆ.

ಯಜಮಾನರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕೈ ಚಾಚಿದರು. ಟೂಲ್ ಕೊಟ್ಟೆ. ಹೆಬ್ಬೆರಳಿನ ಉಗುರನ್ನು ಮೊನೆಯ ಸುತ್ತ ನಿಧಾನವಾಗಿ ಆಡಿಸಿದರು. ಮತ್ತೊಂದು ಸುತ್ತು ಆಡಿಸಿದರು.

"ನಂದೂ ಹಿಂಗೇ ಲೀಕ್ ಆಯ್ತಿತ್ತು ಕಣಪ್ಪ, ಕೊನೇ ಮೂರ್ನಾಕು ವರ್ಸ," ಅಂದರು. "ಕೈ ಕೆಟ್ಟೋಯ್ತು ಅಂತ ಊರೋರೆಲ್ಲ ಅಂದ್ರು. ನಾನೂ ಹಂಗೇ ಅನ್ಕಂಡು ಅಂಗ್ಡಿ ಬಾಗ್ಲಾಕ್ದೆ. ಕಣ್ಣು ಹೋಗಿದ್ದು ಆಮೇಲೆ."

ಅವರು ಅಡುಗೆಮನೆಯ ಕಡೆ ಕಿವಿಗೊಟ್ಟು ದನಿ ತಗ್ಗಿಸಿದರು. "ಹಬ್ಬದಲ್ಲಿ ನಿಂಬೆಹುಳಿ ಹಾಕಿ ಉಜ್ಜಿ, ಒದ್ದೆ ಮೇಲೇ ಕುಂಕುಮ ಮೆತ್ತಿ, ವಾರಗಟ್ಲೆ ದೇವ್ರ ಮುಂದೆ ಮಡುಗ್ತಿದ್ದೋಳು ನಮ್ಮನೆಯೋಳು. ವರ್ಸಾ ವರ್ಸಾ ಹುಳಿ ಉಕ್ಕನ್ನ ತಿಂದಾಕೈತೆ. ಅವ್ಳಿಗೆ ಗೊತ್ತಾಗೋದು ಬ್ಯಾಡ."

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ನನ್ನ ಮುಖ ನೋಡಿ, "ಯಾಕೆ, ಸಾಮಾನು ಸರಿಯಿಲ್ವಂತಾ?" ಅಂತ ಗಂಡನನ್ನು ಕೇಳಿದರು.

"ಚೆನ್ನಾಗೈತಂತೆ. ಹೇಳೋಗಾನ ಅಂತ ಬಂದವ್ರೆ."

ಆಕೆ ನೆಮ್ಮದಿಯಿಂದ ಬಾಗಿಲ ಹತ್ತಿರ ಕೂತರು. "ಇರ್ಬೇಕು ಬುಡಿ. ಇವ್ರ ಕೈ ಕೆಟ್ಟಿದ್ದಕ್ಕೆ ಯಾರು ಏನು ಮಾಡಾಕಾಯ್ತದೆ. ಸಾಮಾನು ಮಾತ್ರ ನಾನು ಒಂದು ವರ್ಸಾನೂ ಕೆಡಾಕೆ ಬುಟ್ಟಿಲ್ಲ."

"ಹೂಂ ಕಣೇ," ಅಂದರು ಯಜಮಾನರು.

ವಾಪಸ್ ಕೊಡಲು ಹೋದವನು ಕಾಫಿ ಕುಡಿದು, ಟೂಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಹೌದಮ್ಮ, ಬಹಳ ಚೆನ್ನಾಗಿ ಇಟ್ಟಿದೀರ ಅಂತ ಹೇಳಿಯೇ ಹೊರಟೆ.