ಮೂವತ್ತೆಂಟನೆಯ ಚೀಟಿ

ಸೂರತ್ತಿನ ಪಾಂಡೇಸರಾದಲ್ಲಿ, ಸೀರೆಗಳಿಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಜಲಜಾ ಮೂಟೆಗಳಿಗೆ ಚೀಟಿ ಅಚ್ಚುಹಾಕುವ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಮೂರರಲ್ಲಿ. ಗದಗಿನವಳು, ಸೂರತ್ತಿನಲ್ಲಿ ನಮ್ಮ ಪಕ್ಕದ ಮನೆ; ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಗಂಡ ಶ್ರೀಪಾದ ರೈಲ್ವೆಯಲ್ಲಿ. ಕೂತಲ್ಲಿ ಕೂರುವ ಜೀವವಲ್ಲ. ದೇವರ ಮುಂದೆ ಕೈಮುಗಿದಾಗಲೂ ಅವಳ ಬೆರಳುಗಳು ಏನನ್ನೋ ಟೈಪು ಮಾಡುತ್ತಿದ್ದವು.

ಮಿಲ್ಲಿನ ಪ್ರಿಂಟರು ಹಳೆಯದು. ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಅಚ್ಚುಹಾಕುತ್ತಿತ್ತು. ಅದಕ್ಕೊಂದು ಹಳೆಯ ಆಜ್ಞೆಗಳ ಭಾಷೆ: ಎನ್ ಎಂದರೆ ಹಿಂದಿನದನ್ನು ಅಳಿಸು, ಪಿ ಒಂದು ಎಂದರೆ ಒಂದು ಚೀಟಿ ಹಾಕು. ಅದನ್ನು ಬಲ್ಲವನು ಕೆಲಸ ಬಿಟ್ಟು ಅಹಮದಾಬಾದಿಗೆ ಹೋಗಿದ್ದ. ಅವನು ಬರೆದಿಟ್ಟ ಫೈಲಿನ ಹದಿನಾಲ್ಕು ಸಾಲುಗಳನ್ನು ಒಂದೊಂದಾಗಿ ಬದಲಿಸಿ, ಏನು ಕೆಡುತ್ತದೆಂದು ನೋಡಿ ನೋಡಿ ಜಲಜಾ ಕಲಿತಳು. ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು.

ಮೂರನೆಯ ತಿಂಗಳ ಕೊನೆಯ ಶನಿವಾರ ಅವಳು ಆ ಫೈಲನ್ನು ಚೊಕ್ಕಟ ಮಾಡಿದಳು. ಕೊನೆಯಲ್ಲೊಂದು ಖಾಲಿ ಸಾಲು ಬಿದ್ದಿತ್ತು, ಅಳಿಸಿದಳು.

ಮೊದಲ ಮೂಟೆಗೆ ಕಳಿಸಿದಾಗ ಏನೂ ಬರಲಿಲ್ಲ. ಅದನ್ನೇ ಮತ್ತೊಮ್ಮೆ ಕಳಿಸಿದಳು, ಬಂತು. ಆಮೇಲೆ ಕಳಿಸಿದಂತೆಲ್ಲ ಒಂದೊಂದು. ಹಮಾಲರು ಓದದೆ ಅಂಟಿಸಿದರು. ಮೂವತ್ತೆಂಟು ಮೂಟೆಗಳು ವಡೋದರಾದ ಬೇರೆ ಬೇರೆ ಅಂಗಡಿಗಳಿಗೆಂದು ಲಾರಿ ಏರಿದವು.

ಹಗ್ಗ ಬಿಗಿಯುತ್ತಿದ್ದಾಗ ಸೋಮವಾರದ ಮೂಟೆಗೆಂದು ಒಂದು ಚೀಟಿ ಕಳಿಸಿ ನೋಡಿದಳು. ಹೊರಬಂದದ್ದು ಆಗಲೇ ಲಾರಿ ಏರಿದ್ದ ಮೂವತ್ತೆಂಟನೆಯ ಮೂಟೆಯದು.

ಖಾಲಿ ಸಾಲಿನ ಜೊತೆ ಕೊನೆಯ ಆಜ್ಞೆಯ ನಂತರದ ಎಂಟರ್ ಕೂಡ ಅಳಿಸಿಹೋಗಿದ್ದರಿಂದ ಆ ಆಜ್ಞೆ ಮುಗಿಯಿತೆಂದು ಪ್ರಿಂಟರಿಗೆ ತಿಳಿದಿರಲಿಲ್ಲ. ಮುಂದಿನದು ಬರುವವರೆಗೆ ಹಿಂದಿನದನ್ನು ಹಿಡಿದುಕೊಂಡು ಕೂತಿತ್ತು. ಎರಡನೆಯ ಮೂಟೆಯಿಂದ ಎಲ್ಲದರ ಮೇಲೂ ಅದರ ಹಿಂದಿನ ಮೂಟೆಯ ಚೀಟಿ!

“ಪ್ರಿಂಟರ್ ಹಳೇದು ಅಂದಿದ್ರ ಎಲ್ಲಾರೂ ಅದನ್ನ ಬೈತಿದ್ರು, ವೈನಿ. ನಾಲಿಗಿ ತುದಿಗೆ ಬಂದಿತ್ತು ಆ ಮಾತು,” ಎಂದಳು ನನಗೆ ಆಮೇಲೆ.

ಆದರೆ ಓಡಿದ್ದು ಪ್ಯಾಕಿಂಗ್ ನೋಡಿಕೊಳ್ಳುವ ಧನಸುಖಭಾಯಿಯ ಹತ್ತಿರ.

“ಲಾರಿ ನಿಲ್ಸಿ ಭಾಯ್. ಚೀಟಿ ಎಲ್ಲಾ ತಪ್ಪಾಗ್ಯಾವ. ನಾನೇ ಮಾಡಿದ್ದು.”

ಕಾರಣ ಕೇಳಿ ಅವರು ಹಣೆ ಹಿಡಿದುಕೊಂಡರು. “ಅರೇ ಜಲಜಾಬೇನ್! ಆ ಖಾಲಿ ಸಾಲು ನಿಮಗೇನು ಕಚ್ತಿತ್ತಾ?”

ಮೂಟೆಗಳು ಇಳಿದವು. ಹಮಾಲರ ಬೈಗುಳದ ನಡುವೆ ಅವಳೇ ಹೊಸ ಚೀಟಿಗಳನ್ನು ಓದಿ ಓದಿ ಅಂಟಿಸಿದಳು. ಲಾರಿ ಹೊರಟಾಗ ಹೊತ್ತು ಮುಳುಗಿತ್ತು.

“ಸೋಮವಾರ ಬರಲಾ ಭಾಯ್?”

“ಬನ್ನಿ. ಸೇಠ್ ಏನಂತಾರೋ ನೋಡೋಣ. ಅಲ್ಲೀವರೆಗೆ ಆ ಫೈಲ್ ಮೇಲೆ ಧೂಳು ಕೂತ್ರೂ ಒರೆಸಬೇಡಿ.”

ಭಾನುವಾರವಿಡೀ ಅವಳು ತಮ್ಮ ಮನೆಗೂ ನಮ್ಮ ಮನೆಗೂ ಓಡಾಡಿದಳು. ಸೋಮವಾರ ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು:

“ಇನ್ನೂ ಮೂರು ತಿಂಗಳು ನೋಡ್ತಾರಂತ, ವೈನಿ. ಕೆಲಸಾ ಅಂತೂ ಅದಲಾ?”